ಮಡ್ಡಿಯ ಮೇಲೆ ಮೋಟಾರು

ಮೋಟಾರಿಗೆ ರಸ್ತೆ ಬೇಕೆಂಬುದು ನಮ್ಮ ಹಿರಿಯರ ಕಾಲದ ತಿಳುವಳಿಕೆ. ಈಗಿನ ಕೆಲವು ವಾಹನಗಳಿಗೆ ರಸ್ತೆ ಬೇಡ. ಗುಡ್ಡವಿರಲಿ, ಹಳ್ಳವಿರಲಿ, ಕಲ್ಲು ಕೆಸರು ಏನೇ ಇರಲಿ, ಹತ್ತಿ ಇಳಿಯುವ ಶಕ್ತಿಯನ್ನು ಅವುಗಳಿಗೆ ಕೊಟ್ಟಿದ್ದಾರೆ. ಹೀಗೆ ರಸ್ತೆಯನ್ನು ಬಿಟ್ಟು, ಅದೇ ಒಂದು ವಿನೋದವೆಂದು ವಾಹನ ನಡೆಯಿಸುವದಕ್ಕೆ ‘ಆಫ್‌ರೋಡ್’ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಇನ್ನೂ ಒಪ್ಪಿದ ಶಬ್ದ ಹುಟ್ಟಿಲ್ಲ. ನಮ್ಮ ಕಡೆ ‘ಅಡ್ಡಹಾದಿ ಹಿಡಿದಾನ’ ಎಂದರೆ ಬೇರೆಯೇ ಅರ್ಥ ಬರುವದರಿಂದ, ಈ ಲೇಖನದಲ್ಲಿ ನಾನು ಅದನ್ನು ‘ಹಾದಿ ಬಿಟ್ಟ ಸವಾರಿ’ ಎಂದೇ ಕರೆಯುತ್ತೇನೆ.

ಅಡವಿಯೇ ಇಲ್ಲದ ಜಿಲ್ಲೆಯವನು ಅಡವಿಯ ಮಾತನ್ನೇಕೆ ಆಡಬೇಕು ಎಂದು ಗೆಳೆಯರು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ವಿಜಯಪುರ ಜಿಲ್ಲೆಯ ನೆಲದಲ್ಲಿ ಅರಣ್ಯವು ನೂರಕ್ಕೆ ಒಂದು ಪಾಲೂ ಇಲ್ಲ. ಇಡೀ ಕರ್ನಾಟಕದಲ್ಲಿ ಅತಿ ಕಡಿಮೆ ಅರಣ್ಯವುಳ್ಳ ಜಿಲ್ಲೆಗಳಲ್ಲಿ ನಮ್ಮದು ಒಂದು. ಆದ್ದರಿಂದಲೇ 2016ರಲ್ಲಿ ಕೋಟಿ ವೃಕ್ಷ ಅಭಿಯಾನವೆಂಬ ಗಿಡ ನೆಡುವ ಕಾರ್ಯ ಇಲ್ಲಿ ಆರಂಭವಾಯಿತು. ಆಲಮಟ್ಟಿಯ ಜಲಾಶಯದ ಸುತ್ತ ಬರಡು ನೆಲದಲ್ಲಿ ಗಿಡಗಳನ್ನು ಹಚ್ಚಿ ನೆರಳು ಮಾಡಿದ್ದನ್ನೂ ನಾವೆಲ್ಲ ಕಂಡಿದ್ದೇವೆ. ಒಂದು ಹೊತ್ತಿನ ರೊಟ್ಟಿ ಉಳಿದವನು ಆ ರೊಟ್ಟಿಯನ್ನು ಹೇಗೆ ಕಾಯುವನೋ ಹಾಗೆ ಈ ಅಲ್ಪಸ್ವಲ್ಪವನ್ನು ನಾವು ಕಾಯಬೇಕಾಗಿದೆ. ಹತ್ತು ಸಾವಿರ ಎಕರೆ ಅಡವಿಯಲ್ಲಿ ಹತ್ತು ಜೀಪುಗಳು ತಿರುಗುವದೂ, ನಾಲ್ಕು ನೂರು ಎಕರೆ ಮಡ್ಡಿಯ ಮೇಲೆ ಅದೇ ಹತ್ತು ಜೀಪುಗಳು ತಿರುಗುವದೂ ಒಂದೇ ಅಲ್ಲ.

ಮಡ್ಡಿ ಎಂದೆ. ದಕ್ಷಿಣದ ಜಿಲ್ಲೆಗಳ ವಾಚಕರಿಗೆ ಈ ಶಬ್ದ ಹೊಸದಾಗಬಹುದು. ಎರೆಭೂಮಿಯ ನಡುವೆ ತಲೆಯೆತ್ತಿದ, ಮೇಲ್ಮಣ್ಣು ತೆಳುವಾದ, ಕಲ್ಲು ಗರಸುಗಳ ದಿಬ್ಬವೇ ಮಡ್ಡಿ. ಅದರ ಮೇಲೆ ಜಾಲಿ, ಬಾರಿ, ಕವಳಿಯ ಕಂಟಿ, ಅಲ್ಲಲ್ಲಿ ಸೀತಾಫಲ. ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು. ಹೊರಗಿನವರ ಕಣ್ಣಿಗೆ ಇದು ‘ಖಾಲಿ ಬಿದ್ದ ಜಾಗ’. ಘಟ್ಟದ ಅಡವಿಯನ್ನು ನೋಡಿದವನು ಅಲ್ಲಿ ಗಿಡವೊಂದನ್ನು ಮುರಿಯಲು ಸ್ವಲ್ಪವಾದರೂ ಅಳುಕುತ್ತಾನೆ. ಮಡ್ಡಿಯನ್ನು ಕಂಡವನಿಗೆ ಆ ಅಳುಕು ಹುಟ್ಟುವದೇ ಇಲ್ಲ. ಹಾಳಾಗಲು ಇಲ್ಲಿ ಏನಿದೆ ಎಂದು ಅವನು ಕೇಳುತ್ತಾನೆ. ನನ್ನ ಲೇಖನದ ಬಹುಭಾಗವು ಈ ಒಂದು ಪ್ರಶ್ನೆಗೆ ಉತ್ತರ.

ಮೊದಲು ಗಾಲಿಯ ವಿಷಯ. ಚಕ್ಕಡಿಯೂ ಹೊಲ ಅಡವಿ ತಿರುಗುತ್ತಿತ್ತಲ್ಲ, ಅದರ ಕಬ್ಬಿಣದ ಪಟ್ಟಿ ನೆಲವನ್ನು ಕೊರೆಯುತ್ತಿರಲಿಲ್ಲವೆ ಎಂದು ವಾದಿಸುವವರುಂಟು. ಕೊರೆಯುತ್ತಿತ್ತು, ನಿಜ. ಆದರೆ ಚಕ್ಕಡಿಯ ಗಾಲಿಗೂ ಮೋಟಾರಿನ ಗಾಲಿಗೂ ಒಂದು ಮೂಲಭೂತವಾದ ಭೇದವಿದೆ. ಚಕ್ಕಡಿಯನ್ನು ಎಳೆಯುವದು ಎತ್ತು; ಗಾಲಿಯು ಸುಮ್ಮನೆ ಉರುಳುತ್ತದೆ. ಮೋಟಾರಿನಲ್ಲಿ ಹಾಗಲ್ಲ. ಅಲ್ಲಿ ಗಾಲಿಯೇ ಎತ್ತು. ಅದು ನೆಲವನ್ನು ಹಿಡಿದು ಹಿಂದಕ್ಕೆ ತಳ್ಳಿದರೆ ಮಾತ್ರ ವಾಹನ ಮುಂದಕ್ಕೆ ಹೋಗುವದು. ನೆಲ ಗಟ್ಟಿಯಿದ್ದರೆ ಸರಿ. ಸಡಿಲವಿದ್ದರೆ ಗಾಲಿ ನಿಂತಲ್ಲೇ ತಿರುಗಿ, ಹುಲ್ಲಿನ ಬೇರನ್ನು ಹರಿದು, ಮಣ್ಣನ್ನು ಹಿಂದಕ್ಕೆ ಚಿಮ್ಮುತ್ತದೆ. ಹಾದಿ ಬಿಟ್ಟ ಸವಾರಿಯ ಚಿತ್ರಗಳಲ್ಲಿ ಬಹಳ ಚಂದವಾಗಿ ಕಾಣುವ ಆ ಕೆಸರಿನ ಕಾರಂಜಿ ಇದೆಯಲ್ಲ, ಅದು ನೂರಾರು ವರ್ಷಗಳಲ್ಲಿ ಕೂಡಿದ ಮೇಲ್ಮಣ್ಣು.

ಎರಡನೆಯದು ಭಾರ. ಲೆಕ್ಕ ಹಾಕಿ ನೋಡೋಣ. ಇಂದಿನ ಒಂದು ಜೀಪು ಸುಮಾರು 1,800 ಕಿಲೋ, ಎಂದರೆ ಹತ್ತಿರ ಹತ್ತಿರ 4,000 ಪೌಂಡು ತೂಗುತ್ತದೆ. ನಾಲ್ಕು ಗಾಲಿಗೆ ಹಂಚಿದರೆ ತಲಾ 1,000 ಪೌಂಡು. ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡಿನ ಗಾಳಿಯಿದ್ದರೆ, ಟೈರಿನ ರಬ್ಬರಿನ ಬಿಗಿತವನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವದಾದರೆ, ಆ ಗಾಲಿ ನೆಲವನ್ನು ಮುಟ್ಟುವದು ಸುಮಾರು 31 ಚದರ ಅಂಗುಲದಷ್ಟು ಮಾತ್ರ. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಟೈರು ಚಪ್ಪಟೆಯಾಗಿ ಸುಮಾರು 55 ಚದರ ಅಂಗುಲದಷ್ಟು ನೆಲ ಮುಟ್ಟುತ್ತದೆ. ಭಾರ ಅಷ್ಟೇ ಇದ್ದರೂ ಒತ್ತಡ ಹೆಚ್ಚುಕಡಿಮೆ ಅರ್ಧವಾಯಿತು. ಗಾಲಿ ನಿಂತಲ್ಲೇ ತಿರುಗುವದೂ ಕಡಿಮೆಯಾಯಿತು. ಬಲ್ಲ ಚಾಲಕರು ಒರಟು ಹಾದಿಗೆ ಇಳಿಯುವ ಮೊದಲು ಗಾಳಿ ಇಳಿಸುವದು ಇದಕ್ಕಾಗಿಯೇ. ಡಾಂಬರಿನ ರಸ್ತೆಗೆ ಮರಳಿದ ಕೂಡಲೆ ಮತ್ತೆ ತುಂಬಿಕೊಳ್ಳಬೇಕು. ಇಲ್ಲವಾದರೆ ಟೈರು ಕಾಯ್ದು ಒಡೆಯುವ ಅಪಾಯವುಂಟು.

ಒತ್ತಿದ ಮಣ್ಣಿನೊಳಗೆ ಏನಾಗುವದು? ಮಣ್ಣೆಂದರೆ ಬರೇ ಹುಡಿಯಲ್ಲ. ಕಣಗಳ ನಡುವೆ ಸಣ್ಣ ಸಣ್ಣ ತೆರಪುಗಳಿರುತ್ತವೆ. ನೀರು ಇಳಿಯುವದೂ, ಬೇರು ಉಸಿರಾಡುವದೂ ಆ ತೆರಪುಗಳಲ್ಲಿ. ಭಾರದ ಗಾಲಿ ಹಾಯ್ದಾಗ ಅವು ಮುಚ್ಚಿಹೋಗುತ್ತವೆ. ಬಳಿಕ ಬಿದ್ದ ಮಳೆ ಇಂಗುವದಿಲ್ಲ. ಗಾಲಿ ಕೊರೆದ ಗೆರೆಯನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಜೀಪಿನವನು ಇಳಿಜಾರಿಗೆ ನೇರವಾಗಿ ಏರಿದ್ದರಂತೂ ನೀರಿಗೆ ಹಬ್ಬ. ಮೊದಲ ಮಳೆಗೆ ಗೇಣು ಆಳವಾದ ಗೆರೆ, ನಾಲ್ಕನೆಯ ಮಳೆಗೆ ಮೊಳದಷ್ಟಾಗುತ್ತದೆ. ಮುಂದೆ ಬಂದವನಿಗೆ ಆ ಕೊರಕಲಿನಲ್ಲಿ ಹೋಗಲಿಕ್ಕೆ ಆಗುವದಿಲ್ಲ; ಅವನು ಪಕ್ಕದಲ್ಲಿ ಮತ್ತೊಂದು ಗೆರೆ ಎಳೆಯುತ್ತಾನೆ. ಅದರ ಪಕ್ಕದಲ್ಲಿ ಮೂರನೆಯವನು. ಕುರಿ ಕಾಯುತ್ತಲೇ ಮುದುಕನಾದ ನನ್ನ ದೊಡ್ಡಪ್ಪ ಇದನ್ನು ನನಗಿಂತ ಚೊಕ್ಕವಾಗಿ ಹೇಳುತ್ತಾನೆ: “ಹಾದಿ ಒಂದಿದ್ರ ಹಾದಿ, ತಮ್ಮಾ. ಹತ್ತಾದ್ರ ಅದು ಹಳ್ಳ.”

ಮುದ್ದೇಬಿಹಾಳದ ಸೀಮೆಯಲ್ಲಿ ಮಳೆ ಬೀಳುವದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಬೀಳದೆ, ಭಾದ್ರಪದ ಆಶ್ವೀಜಗಳಲ್ಲಿ ನಾಲ್ಕೈದು ಸಲ ಬಡಿದು ಹೋಗುವದೇ ಹೆಚ್ಚು. ಇಂಥ ಬಡಿತದ ಮಳೆಗೆ ಹುಲ್ಲಿನ ಬೇರಿನ ಹಿಡಿತವಿಲ್ಲದ ಮಡ್ಡಿ ನಿಲ್ಲದು. ಮಡ್ಡಿಯಿಂದ ಹೊರಟ ಗರಸು ಎಲ್ಲಿಗೆ ಹೋಗುವದು? ಕೆಳಗಿನ ಎರೆಹೊಲಕ್ಕೆ. ನಮ್ಮ ಎರಡು ಎಕರೆ ಹೊಲವಿರುವದು ನಮ್ಮೂರ ಮಡ್ಡಿಯ ಬುಡದಲ್ಲಿಯೇ. ಎರಡು ವರ್ಷಗಳ ಹಿಂದೆ ಪಟ್ಟಣದ ಕಡೆಯಿಂದ ಬಂದ ಕೆಲವರು ಒಂದು ಆದಿತ್ಯವಾರ, ಹಿಂದಿನ ರಾತ್ರಿ ಮಳೆಯಾಗಿದ್ದಾಗ, ಆ ಮಡ್ಡಿಯ ನೆತ್ತಿಗೆ ಐದಾರು ವಾಹನಗಳನ್ನು ಏರಿಸಿ ಇಳಿಸಿ ಪಂಥ ಕಟ್ಟಿದರು. ಅವರು ದುಷ್ಟರೆಂದು ನಾನು ಹೇಳಲಾರೆ. ಹುಡುಗರಿಗೆ ಬಿಸ್ಕೀಟು ಕೊಟ್ಟರು, ನಮ್ಮವ್ವನನ್ನು ‘ಅಮ್ಮಾ’ ಎಂದು ಕರೆದು ನೀರು ಕೇಳಿ ಕುಡಿದು ಹೋದರು. ಆದರೆ ಅವರ ಮೂರು ತಾಸಿನ ಆಟದ ಗೆರೆಗಳಲ್ಲಿ ಇಳಿದ ಗರಸು ಆ ವರ್ಷದ ಹಿಂಗಾರಿ ಜೋಳದ ಬಿತ್ತನೆಯ ಮೇಲೆ ಆರೇಳು ಗುಂಟೆಯಷ್ಟು ಹರಡಿತು. ಯಾರನ್ನು ಕೇಳುವದು? ಹಾನಿ ಮಾಡಿದ್ದು ಮಳೆ ಎಂದೇ ಎಲ್ಲರೂ ಹೇಳಿದರು.

ನೆಲ ಒಮ್ಮೆ ಗಾಯಗೊಂಡರೆ ಎಷ್ಟು ದಿನ ನೆನಪಿಟ್ಟುಕೊಳ್ಳುವದೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಅಮೇರಿಕೆಯ ಸೈನ್ಯವು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಟ್ಯಾಂಕುಗಳ ತರಬೇತಿ ನಡೆಸಿತು. ಆ ಟ್ಯಾಂಕುಗಳ ಜಾಡು ಎಷ್ಟೋ ದಶಕಗಳು ಕಳೆದ ಮೇಲೂ ಅಲ್ಲಿ ಕಾಣುತ್ತಿದೆ. ಒಣನೆಲದಲ್ಲಿ ಹುಲ್ಲು ಬೆಳೆಯುವದು ನಿಧಾನ. ಅಳಿದದ್ದು ಮರಳುವದೂ ನಿಧಾನ. ನಮ್ಮ ಮಡ್ಡಿ ಮರುಭೂಮಿಯಲ್ಲವಾದರೂ ಸ್ವಭಾವದಲ್ಲಿ ಮಲೆನಾಡಿಗಿಂತ ಅದಕ್ಕೇ ಹತ್ತಿರದ್ದು.

ಜೀಪೂ ಅದೇ ಯುದ್ಧದ ಕೂಸು. 1941ರಿಂದ ವಿಲ್ಲಿಸ್ ಕಂಪನಿಯು ಸೈನ್ಯಕ್ಕಾಗಿ ತಯಾರಿಸಿದ ಆ ಬಂಡಿಯನ್ನು 1940ರ ದಶಕದ ಕೊನೆಗೆ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಬಹುಕಾಲ ಅದು ನಮ್ಮ ಸರಕಾರಿ ಸಾಹೇಬರ, ಚುನಾವಣೆಯ ಪ್ರಚಾರದ, ಹಳ್ಳಿಗೆ ಬರುವ ಡಾಕ್ಟರರ ವಾಹನವಾಗಿತ್ತು. ರಸ್ತೆಯಿಲ್ಲದ್ದರಿಂದ ಅದು ರಸ್ತೆ ಬಿಟ್ಟು ಹೋಗುತ್ತಿತ್ತು. ರಸ್ತೆಗಳಾದ ಮೇಲೆ, ರಸ್ತೆ ಬಿಟ್ಟು ಹೋಗುವದೇ ಭೋಗವಾದದ್ದು ಕಾಲದ ವಿನೋದ.

ಈಗ ಪ್ರಾಣಿಗಳ ಮಾತು. ಪಕ್ಕದ ಬಾಗಲಕೋಟೆ ಜಿಲ್ಲೆಯ ಬೀಳಗಿ ಮುಧೋಳ ತಾಲೂಕುಗಳಲ್ಲಿ ಯಡಹಳ್ಳಿಯ ಕುರುಚಲು ಅಡವಿಯಿದೆ. ಅಲ್ಲಿ ಚಿಂಕಾರವೆಂಬ ಸಣ್ಣ ಜಾತಿಯ ಚಿಗರಿ ವಾಸಿಸುತ್ತದೆ. ನೀರಿನ ಒರತೆಯಿಲ್ಲದ ಕಡೆಗೂ ಎಲೆಯ ತೇವದಿಂದಲೇ ಬಹಳ ದಿನ ಬದುಕಬಲ್ಲ ಪ್ರಾಣಿ ಅದು. 2016ರಲ್ಲಿ ಸರಕಾರವು ಅಲ್ಲಿನ ಸುಮಾರು 96 ಚದರ ಕಿಲೋಮೀಟರ್ ನೆಲವನ್ನು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ನೋಡಿದರೆ ನಮ್ಮ ಮಡ್ಡಿಯಂಥದೇ ನೆಲ. ‘ಖಾಲಿ ಜಾಗ’ವೆಂದು ಯಾರಾದರೂ ಹೇಳಿಯಾರು. ಬಯಲಿನ ಪ್ರಾಣಿಗೆ ಅಡಗಲು ದಟ್ಟ ಗಿಡಗಳಿಲ್ಲ. ಓಟವೇ ಅದರ ರಕ್ಷಣೆ. ವಾಹನದ ಸದ್ದಿಗೆ ಅದು ಓಡುವದು, ಓಡಿದರೆ ದಣಿಯುವದು, ಬೇಸಗೆಯಲ್ಲಿ ದಣಿದರೆ ನೀರಿಲ್ಲದೆ ಸಾಯಲೂಬಹುದು. ಮೋಜಿಗೆಂದು ಅದರ ಬೆನ್ನು ಹತ್ತುವವರು ಒಂದು ಸಂಗತಿ ತಿಳಿದಿರಬೇಕು: 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆ ಕೊಲ್ಲುವದಕ್ಕೆ ಮಾತ್ರ ಮುಗಿಯುವದಿಲ್ಲ, ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವದೂ ಅದರಲ್ಲಿ ಸೇರಿದೆ.

ಚಿಂಕಾರ ಓಡಿಯಾದರೂ ಹೋಗುತ್ತದೆ. ಟಿಟ್ಟಿಭದ ಮೊಟ್ಟೆಗೆ ಕಾಲಿಲ್ಲ. ಈ ಹಕ್ಕಿ ಗೂಡು ಕಟ್ಟುವದಿಲ್ಲ. ಬಯಲಿನಲ್ಲಿ ಸಣ್ಣ ಹರಳುಗಳ ನಡುವೆ ತುಸು ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ತತ್ತಿ ಇಡುತ್ತದೆ. ತತ್ತಿಯ ಬಣ್ಣ ಹರಳಿನದೇ. ಕುರಿಗಾಯುವ ಹುಡುಗನಿಗೆ ಹಕ್ಕಿಯ ಕೂಗಿನ ಧಾಟಿಯಿಂದಲೇ ಇಲ್ಲೆಲ್ಲೋ ತತ್ತಿಯಿದೆ ಎಂದು ತಿಳಿಯುತ್ತದೆ; ಅವನು ಹಿಂಡನ್ನು ಬಳಸಿ ಹೊಡೆಯುತ್ತಾನೆ. ಗಾಜು ಏರಿಸಿ ಹಾಡು ಹಚ್ಚಿಕೊಂಡವನಿಗೆ ಆ ಕೂಗು ಕೇಳುವ ಬಗೆಯೆಂತು? ಗೌಜಲ ಹಕ್ಕಿಯೂ ಹೀಗೆಯೇ ನೆಲದ ಮೇಲೆ ಮರಿ ಮಾಡುವಂಥದು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ವಾಹನವನ್ನು ಅಡವಿಗೆ ಒಯ್ಯಲೇಬಾರದೆ?’ ಎಂದು ಕೇಳುವದು ಸಹಜ. ಅಲ್ಲಿಗೆ ಹೋಗುವದೇ ಪಾಪವೆಂಬ ಮತ ನನ್ನದಲ್ಲ. ಕಳೆದ ವರ್ಷ ನಾವು ಕೊಲ್ಲೂರಿಗೆ ಪ್ರವಾಸ ಹೋದಾಗ ಬಾಡಿಗೆಯ ಜೀಪಿನಲ್ಲಿ ಕೊಡಚಾದ್ರಿಗೆ ಏರಿದೆವು. 1,343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಹಾದಿ, ಹಾದಿಯೆನ್ನಲಿಕ್ಕೂ ಅಳುಕುವಂಥದು. ಕಲ್ಲು, ತಗ್ಗು, ತಿರುವು. ಆದರೆ ನಮ್ಮ ಚಾಲಕರು ಇಡೀ ದಾರಿಯಲ್ಲಿ ಒಂದೇ ಜಾಡನ್ನು ಬಿಟ್ಟು ಕದಲಲಿಲ್ಲ. ಕೆಸರಿನ ಹೊಂಡ ಬಂದರೆ ಪಕ್ಕದ ಹುಲ್ಲಿನ ಮೇಲೆ ಹತ್ತಿಸದೆ, ಹೊಂಡದ ನಡುವೆಯೇ ಮೆಲ್ಲಗೆ ದಾಟಿಸಿದರು. ಪಕ್ಕದಲ್ಲಿ ಸಮನೆಲವಿದೆಯಲ್ಲ ಎಂದು ಕೇಳಿದ್ದಕ್ಕೆ, “ಎಲ್ಲರೂ ಪಕ್ಕಕ್ಕೇ ಹೋದರೆ ಮುಂದಿನ ಮಳೆಗೆ ನಮಗೇ ದಾರಿ ಇರೋದಿಲ್ಲ ಮಾರಾಯ್ರೆ” ಎಂದರು. ನನ್ನ ದೊಡ್ಡಪ್ಪ ಮಲೆನಾಡನ್ನು ಕಂಡವನಲ್ಲ, ಆ ಚಾಲಕರು ಮಡ್ಡಿಯನ್ನು ಕಂಡವರಲ್ಲ. ಇಬ್ಬರ ಮಾತೂ ಒಂದೇ ಆದದ್ದು ನನಗೆ ಸೋಜಿಗವೆನಿಸಿತು. ಹೊಟ್ಟೆಗಾಗಿ ಗುಡ್ಡ ಏರುವವನಿಗೂ ಮೋಜಿಗಾಗಿ ಏರುವವನಿಗೂ ಇರುವ ಅಂತರ ಇಲ್ಲಿಯೇ ಇದೆ. ಹೊಟ್ಟೆಯವನು ನಾಳೆಯೂ ಬರಬೇಕು.

ಚಾಲನೆಯ ಜಾಣ್ಮೆಯನ್ನು ಕುರಿತು ಅವರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕಠಿಣ ಜಾಗ ಬಂದರೆ ಮೊದಲು ಇಳಿದು ನಡೆದು ನೋಡಬೇಕು. ನಾಲ್ಕೂ ಗಾಲಿಗೆ ಶಕ್ತಿ ಹೋಗುವಂತೆ ಮಾಡಿ, ತೀರ ಕೆಳಗಿನ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಹೋಗಬೇಕು. ಇಳಿಯುವಾಗ ಬ್ರೇಕು ಒತ್ತಿ ಗಾಲಿ ಕಟ್ಟಿ ಜಾರಿಸಬಾರದು. ಇಂಜಿನ್ನೇ ತಡೆಹಿಡಿಯುವಂತೆ ಗೇರಿನಲ್ಲಿ ಬಿಡಬೇಕು. ಹಳ್ಳವನ್ನು ಮೊದಲಿನಿಂದ ದಾಟುವ ಜಾಗದಲ್ಲಿ ಅಡ್ಡಲಾಗಿ ಒಮ್ಮೆ ದಾಟಬೇಕೇ ಹೊರತು ಹಳ್ಳದ ಪಾತ್ರದುದ್ದಕ್ಕೂ ಓಡಿಸಬಾರದು. ಕೆಸರಿನಲ್ಲಿ ಸಿಕ್ಕ ವಾಹನವನ್ನು ಗಿಡಕ್ಕೆ ಹಗ್ಗ ಕಟ್ಟಿ ಎಳೆಯುವ ಪ್ರಸಂಗ ಬಂದರೆ ತಂತಿಯನ್ನು ನೇರವಾಗಿ ಬೊಡ್ಡೆಗೆ ಸುತ್ತಬಾರದು, ಅಗಲವಾದ ಪಟ್ಟಿ ಬಳಸಬೇಕು. ಗಿಡದ ಜೀವರಸ ಹರಿಯುವದು ತೊಗಟೆಯ ಒಳಮಗ್ಗುಲಿಗೆ. ತಂತಿ ಅದನ್ನು ಸುತ್ತಲೂ ಕೊಯ್ದರೆ ಗಿಡ ನಿಂತಲ್ಲೇ ಒಣಗುವದು. ವಾಹನವನ್ನು ಒಳಗೆ ಒಯ್ಯುವ ಮೊದಲೂ ಹೊರಗೆ ತಂದ ಮೇಲೂ ಗಾಲಿಯ ಮಣ್ಣು ತೊಳೆಯುವದೂ ಅಗತ್ಯ. 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡ ಕಾಂಗ್ರೆಸ್ ಕಸವು ದೇಶವನ್ನೆಲ್ಲ ಹೇಗೆ ವ್ಯಾಪಿಸಿತೆಂದು ನೆನೆದರೆ, ಗಾಲಿಗೆ ಅಂಟಿದ ಒಂದು ಹಿಡಿ ಮಣ್ಣು ಎಂಥ ಅತಿಥಿಯನ್ನು ಹೊತ್ತು ತರಬಲ್ಲದೆಂದು ತಿಳಿಯುವದು.

ಯಾವಾಗ ಹೋಗಬೇಕೆಂಬುದು ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಮಳೆಗಾಲದಲ್ಲಿ ನೆಲ ಹಸಿಯಿದ್ದಾಗ ಹೋದರೆ ಕೊರಕಲು ಬೀಳುತ್ತದೆ. ಶಿವರಾತ್ರಿಯ ನಂತರ ಹೋದರೆ ಒಣಹುಲ್ಲು. ಕಾದ ಸೈಲೆನ್ಸರಿಗೆ ಹುಲ್ಲು ತಾಗಿದರೆ ಸಾಕು, ಮಡ್ಡಿಯೆಲ್ಲ ಬೆಂಕಿ. ಗದಗದ ಕಪ್ಪತಗುಡ್ಡದಂಥ ಹುಲ್ಲುಗುಡ್ಡಗಳಿಗೆ ಬೇಸಗೆಯ ಕಿಚ್ಚು ಎಂಥ ಶತ್ರುವೆಂದು ಆ ಕಡೆಯವರು ಬಲ್ಲರು. ಮಾರ್ಚಿನಿಂದ ಆಗಸ್ಟಿನವರೆಗೆ ಟಿಟ್ಟಿಭದ ತತ್ತಿಯ ಕಾಲ. ಹೀಗೆ ಕಳೆಯುತ್ತ ಬಂದರೆ ನಮ್ಮ ಸೀಮೆಯಲ್ಲಿ ಉಳಿಯುವದು ದೀಪಾವಳಿ ಮುಗಿದು ನೆಲ ಆರಿದಾಗಿನಿಂದ ಎಳ್ಳಮಾವಾಸ್ಯೆಯವರೆಗಿನ ಕೆಲವು ವಾರಗಳು ಮಾತ್ರ. ಆಗಲೂ ಹುಲ್ಲಿಲ್ಲದ ಹಳೆಯ ಚಕ್ಕಡಿ ಹಾದಿಯ ಮೇಲೆ, ಹಗಲು ಹೊತ್ತಿನಲ್ಲಿ. ರಾತ್ರಿಯನ್ನು ಪ್ರಾಣಿಗಳಿಗೆ ಬಿಟ್ಟುಕೊಡುವದು ನ್ಯಾಯ. ಬಂಡೀಪುರದ ಅಡವಿಯಲ್ಲಿ ಹಾಯುವ ಹೆದ್ದಾರಿಯಲ್ಲಿಯೇ 2009ರಿಂದ ರಾತ್ರಿ 9ರಿಂದ ಮುಂಜಾನೆ 6ರವರೆಗೆ ಸಂಚಾರಕ್ಕೆ ನಿರ್ಬಂಧ ಬಂದಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇನ್ನು ಕಾಯಿದೆ. ‘ಸರಕಾರಿ ಜಮೀನು, ಎಂದರೆ ಎಲ್ಲರದು, ಯಾರೂ ಕೇಳುವಂತಿಲ್ಲ’ ಎಂಬ ಭಾವನೆ ನಮ್ಮ ಹುಡುಗರಲ್ಲಿಯೂ ಉಂಟು. ಅದು ತಪ್ಪು. 1963ರ ಕರ್ನಾಟಕ ಅರಣ್ಯ ಅಧಿನಿಯಮದ 24ನೆಯ ಕಲಮಿನಂತೆ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವೇ ಅಪರಾಧ. ವನ್ಯಜೀವಿ ಧಾಮಗಳಲ್ಲಿಯಂತೂ ಪರವಾನಗಿಯಿಲ್ಲದೆ ಕಾಲಿಡುವಂತಿಲ್ಲ. ಯಾವ ಯಾವ ಕಾರಣಕ್ಕೆ ಪರವಾನಗಿ ಕೊಡಬಹುದೆಂದು 28ನೆಯ ಕಲಮಿನಲ್ಲಿ ಹೇಳಿದೆ: ವನ್ಯಜೀವಿಗಳ ಅಭ್ಯಾಸ, ಛಾಯಾಚಿತ್ರ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಮೊದಲಾದವು. ಗುಡ್ಡ ಏರುವ ಪಂದ್ಯ ಆ ಯಾದಿಯಲ್ಲಿಲ್ಲ.

ಆದರೆ ಒಂದು ಮಾತನ್ನು ಆಡದೆ ಇರಲಾರೆ. ಆ 24ನೆಯ ಕಲಮಿನಲ್ಲಿಯೇ ದನ ಮೇಯಿಸುವದೂ ಸೇರಿದೆ. ಹೀಗಾಗಿ ಕಾಯಿದೆಯ ಕಣ್ಣಿಗೆ ಆಡಿನ ಹಿಂದೆ ನಡೆದು ಹೋದ ಹುಡುಗನೂ ಹದಿನೈದು ಲಕ್ಷದ ವಾಹನದಲ್ಲಿ ಬಂದ ಯಜಮಾನನೂ ಒಂದೇ. ದಂಡ ಕಟ್ಟುವ ಪ್ರಸಂಗ ಮಾತ್ರ ಸಾಮಾನ್ಯವಾಗಿ ಮೊದಲಿನವನಿಗೆ ಬರುವದು, ಏಕೆಂದರೆ ಅವನನ್ನು ನಡೆದೇ ಹಿಡಿಯಬಹುದು. ಆಡು ಕುರಿಗಳಿಂದ ಅಡವಿಗೆ ಹಾನಿಯೇ ಇಲ್ಲವೆಂದು ನಾನು ವಾದಿಸುವದಿಲ್ಲ. ಕುರಿಯವರ ಮನೆಯಲ್ಲಿ ಹುಟ್ಟಿ ಹಾಗೆ ವಾದಿಸಿದರೆ ಪಕ್ಷಪಾತವೆಂದಾರು. ಬಡವನ ಅನ್ನಕ್ಕೆ ಹಾಕಿದ ಅಳತೆಗೋಲನ್ನು ಶ್ರೀಮಂತನ ಆಟಕ್ಕೂ ಅಷ್ಟೇ ಬಿಗಿಯಾಗಿ ಹಾಕಲಿ ಎಂಬುದಷ್ಟೇ ನನ್ನ ಬೇಡಿಕೆ.

ಬೇರೆ ದೇಶಗಳು ಈ ಸಮಸ್ಯೆಯನ್ನು ನಮಗಿಂತ ಮೊದಲೇ ಎದುರಿಸಿವೆ. ಅಮೇರಿಕೆಯಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ನರು ಒಂದು ಆಜ್ಞೆ ಹೊರಡಿಸಿ, ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಇಲಾಖೆಗಳು ಗುರುತಿಸಬೇಕೆಂದರು. 1977ರಲ್ಲಿ ಅಧ್ಯಕ್ಷ ಕಾರ್ಟರರು, ಹಾನಿ ಕಂಡುಬಂದ ಪ್ರದೇಶವನ್ನು ಕೂಡಲೆ ಮುಚ್ಚಬೇಕೆಂದು ಅದನ್ನು ಬಿಗಿಗೊಳಿಸಿದರು. 1985ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯೇ ‘ಟ್ರೆಡ್ ಲೈಟ್ಲಿ’, ಎಂದರೆ ಮೆಲ್ಲಗೆ ಹೆಜ್ಜೆಯಿಡಿ, ಎಂಬ ಪ್ರಚಾರಕ್ಕೆ ತೊಡಗಿತು. ಜಾಗ ಗೊತ್ತುಮಾಡುವದು, ಕೆಟ್ಟರೆ ಮುಚ್ಚುವದು, ತಿಳಿಹೇಳುವದು ಎಂಬ ಮೂರರಲ್ಲಿ ಮೊದಲಿನದನ್ನು ನಾವು ಸುಲಭವಾಗಿ ಮಾಡಬಹುದೆಂದು ನನಗೆ ತೋರುತ್ತದೆ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳು ನಮ್ಮ ತಾಲೂಕಿನಲ್ಲಿವೆ. ಹುಲ್ಲೂ ಇಲ್ಲ, ಹಕ್ಕಿಯೂ ಇಲ್ಲ, ಏರಿಳಿತ ಬೇಕಾದಷ್ಟಿದೆ. ಜಮೀನಿನವರ ಒಪ್ಪಿಗೆ ಪಡೆದು, ಊರಿನ ನಾಲ್ಕು ಹುಡುಗರಿಗೆ ಕೂಲಿ ಕೊಟ್ಟು, ಅಂಥಲ್ಲಿ ಆಡಿದರೆ ಯಾರ ಜೋಳವೂ ಹಾಳಾಗದು.

ಕೆಟ್ಟ ನೆಲವನ್ನು ಸರಿಪಡಿಸುವ ಬಗೆಯನ್ನೂ ಹೇಳಿ ಮುಗಿಸುತ್ತೇನೆ. ನಮ್ಮ ಮಡ್ಡಿಯ ಕೊರಕಲುಗಳಿಗೆ ಕಳೆದ ವರ್ಷ ಬೇಸಗೆಯಲ್ಲಿ ದೊಡ್ಡಪ್ಪನೂ ನಾವು ಏಳೆಂಟು ಮಂದಿಯೂ ಕೂಡಿ ಹತ್ತು ಹತ್ತು ಮಾರಿಗೆ ಅಡ್ಡಗಲ್ಲು ಇಟ್ಟೆವು. ನೀರನ್ನು ಪೂರಾ ಕಟ್ಟುವಂತೆ ಇಡಬಾರದು, ಕಟ್ಟಿದರೆ ಮಗ್ಗುಲಿಗೆ ಹೊಸ ಹಾದಿ ಕೊರೆಯುವದು. ನಡುವೆ ತುಸು ತಗ್ಗಿಸಿ, ನೀರು ಸೋಸಿ ಹೋಗುವಂತೆ ಇಡಬೇಕು. ಕಲ್ಲಿನ ಹಿಂದೆ ಜಾಲಿಯ ಕಂಟಿ ಒತ್ತಿದೆವು. ಮೊದಲ ಎರಡು ಮಳೆಗೆ ಅಲ್ಲಿ ಗೇಣುದ್ದ ಹೂಳು ನಿಂತಿತು. ಈ ವರ್ಷ ಮೇಲಿನ ಆರು ಕಟ್ಟುಗಳಲ್ಲಿ ಹುಲ್ಲು ಹುಟ್ಟಿದೆ. ಕೆಳಗಿನ ಮೂರು ಕೊಚ್ಚಿಹೋಗಿವೆ. ಕೊರಕಲು ಅಲ್ಲಿ ಎದೆಯುದ್ದವಿದೆ, ಅದಕ್ಕೆ ದೊಡ್ಡ ಕಲ್ಲೇ ಬೇಕು. ಪರೀಕ್ಷೆ ಮುಗಿದ ಮೇಲೆ, ಮಳೆ ಬರುವದಕ್ಕೆ ಮುಂಚೆ, ಆ ಕೆಲಸ ಹಿಡಿಯುವದೆಂದು ಗೊತ್ತುಮಾಡಿದ್ದೇವೆ.